ಅಮ್ಮನಿಗೆ ಎಪ್ಪತ್ತು ಯಾವಾಗ?

ಅಮ್ಮ ಹುಟ್ಟಿದ ದಿನ ಯಾವುದು ಅಂತ ಕೇಳಿದರೆ ನಮ್ಮ ಮನೆಯಲ್ಲಿ ಮೂರು ಉತ್ತರ ಸಿಗುತ್ತವೆ. ಶಾಲೆಯ ಟಿ.ಸಿ. ಪ್ರಕಾರ 1957ರ ಜೂನ್ 1. ಪರ್ಸಿನಲ್ಲಿರುವ ಒಂದು ಗುರುತಿನ ಚೀಟಿಯ ಪ್ರಕಾರ 1955ರ ಜನವರಿ 1. ಅಮ್ಮನನ್ನೇ ಕೇಳಿದರೆ, "ಭೀಮನ ಅಮಾಸೆ ದಿನ. ಸೋಮವಾರ. ಆಶ್ಲೇಷ ಮಳೆ ಹೊಡೀತಾ ಇತ್ತಂತೆ, ಸೂಲಗಿತ್ತಿ ಕಂಬಳಿಕೊಪ್ಪೆ ಹಾಕ್ಕೊಂಡು ಬಂದಿದ್ಲಂತೆ."

ವರ್ಷ?

"ಕರ್ನಾಟಕ ಒಂದಾಯ್ತಲ್ಲ, ಆ ವರ್ಷವೋ ಅದರ ಹಿಂದಿನದ್ದೋ. ಅಜ್ಜ ಇದ್ದಿದ್ರೆ ಹೇಳ್ತಿದ್ರು. ಈಗೆಂತಕ್ಕೆ ಅದೆಲ್ಲ?"

ಎಂತಕ್ಕೆ ಅಂದರೆ, ಅಮ್ಮನ ಎಪ್ಪತ್ತನೇ ವರ್ಷಕ್ಕೆ ಎಲ್ಲರೂ ಅರಳಸುರಳಿಯ ಮನೆಯಲ್ಲಿ ಸೇರಬೇಕು ಅಂತ ನಾವು ಮೂವರು ಮಕ್ಕಳು ತೀರ್ಮಾನ ಮಾಡಿದ್ದೆವು. ಅಣ್ಣ ಊರಲ್ಲೇ ಇದ್ದು ತೋಟ ನೋಡಿಕೊಳ್ಳುತ್ತಾನೆ, ಅಕ್ಕ ಶಿವಮೊಗ್ಗದಲ್ಲಿದ್ದಾಳೆ, ನಾನು ಬೆಂಗಳೂರಿನಲ್ಲಿ. ಮೂವರಿಗೂ ಹೊಂದುವ ದಿನ ಹುಡುಕೋದು ಕಷ್ಟ ಅಂದುಕೊಂಡಿದ್ದೆವು. ಅದಕ್ಕಿಂತ ಮೊದಲು ಅಮ್ಮ ಹುಟ್ಟಿದ ದಿನವನ್ನೇ ಹುಡುಕಬೇಕಾಗಿ ಬಂತು.

ಹುಡುಕುತ್ತಾ ಹೋದಾಗ ನಾನು ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಮನೆಯಲ್ಲೂ ಜೂನ್ 1ರ ಅಪ್ಪನೋ ಜನವರಿ 1ರ ಅಮ್ಮನೋ ಇದ್ದರೆ ಉಪಯೋಗಕ್ಕೆ ಬರಬಹುದು.

ಜೂನ್ 1ರ ಮಕ್ಕಳು

ನಮ್ಮ ಅಪ್ಪ ಅಮ್ಮನ ತಲೆಮಾರಿನಲ್ಲಿ ಜೂನ್ ಒಂದಕ್ಕೆ ಹುಟ್ಟಿದವರು ಇಷ್ಟೊಂದು ಜನ ಯಾಕೆ? ಆ ದಿನ ಹುಟ್ಟಿದ್ದು ಅವರಲ್ಲ, ಶಾಲೆ ಶುರುವಾಗಿದ್ದು. ಜನನ ಮರಣ ನೋಂದಣಿಗೆ ದೇಶಕ್ಕೆಲ್ಲ ಒಂದು ಕಾಯ್ದೆ ಬಂದದ್ದೇ 1969ರಲ್ಲಿ. ಅದಕ್ಕೂ ಮುಂಚೆ ಹಳ್ಳಿಯಲ್ಲಿ, ಮನೆಯಲ್ಲಿ ಹೆರಿಗೆಯಾದ ಮಗುವಿಗೆ ಪ್ರಮಾಣಪತ್ರ ಎಲ್ಲಿಂದ ಬರಬೇಕು? ಶಾಲೆಗೆ ಸೇರಿಸುವಾಗ ಹೆಡ್‌ಮಾಸ್ತರರು ಮಗುವನ್ನು ನೋಡಿ, ಒಂದನೇ ಕ್ಲಾಸಿಗೆ ಬೇಕಾದಷ್ಟು ವಯಸ್ಸನ್ನು ಜೂನ್‌ನಿಂದ ಹಿಂದಕ್ಕೆ ಎಣಿಸಿ ಬರೆದುಬಿಡುತ್ತಿದ್ದರು. ಅಮ್ಮ ಶಾಲೆಗೆ ಸೇರಿದ್ದು 1963ರಲ್ಲಿ. ಅದರಲ್ಲಿ ಆರು ಕಳೆದರೆ 1957. ಲೆಕ್ಕ ಮುಗೀತು.

ಜನವರಿ 1ರ ಕಥೆಯೂ ಇಂಥದ್ದೇ. "ವಯಸ್ಸೆಷ್ಟು" ಅಂತ ಯಾರೋ ಕೇಳಿದ್ದಾರೆ, ಇವಳು ಒಂದು ಅಂದಾಜು ಹೇಳಿದ್ದಾಳೆ. ಯಂತ್ರಕ್ಕೆ ತಿಂಗಳು, ತಾರೀಕು ಬೇಕೇ ಬೇಕಲ್ಲ, ಅದು ಒಂದು-ಒಂದು ಅಂತ ತುಂಬಿಕೊಂಡಿದೆ.

ಇದನ್ನು ಬರೀ ತಮಾಷೆ ಅಂದುಕೊಳ್ಳಬೇಡಿ. 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಕಾಯ್ದೆಯಲ್ಲಿ ಹಿರಿಯ ನಾಗರಿಕ ಅನ್ನಿಸಿಕೊಳ್ಳಲು 60 ಆಗಬೇಕು. ಸಂಧ್ಯಾ ಸುರಕ್ಷಾ ಪಿಂಚಣಿಗೆ 65. 2024ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಆಯುಷ್ಮಾನ್ ಭಾರತ್ ಯೋಜನೆಯನ್ನು ಆದಾಯದ ಮಿತಿ ಇಲ್ಲದೆ ಎಲ್ಲ ಹಿರಿಯರಿಗೂ ವಿಸ್ತರಿಸಿತು, ಅದಕ್ಕೆ 70. ಈ ಎಲ್ಲ ಕಡೆ ನಡೆಯುವುದು ಕಾಗದದ ವಯಸ್ಸೇ. ಒಂದು ಕಾಗದದಲ್ಲಿ 1955, ಇನ್ನೊಂದರಲ್ಲಿ 1957 ಇದ್ದರೆ ಅಮ್ಮನಿಗೆ ಎಪ್ಪತ್ತಾಗಿದೆಯೋ ಇಲ್ಲವೋ ಅನ್ನೋದು ಯಾವ ಕೌಂಟರಿನಲ್ಲಿ ಯಾವ ಕಾಗದ ಕೇಳುತ್ತಾರೆ ಅನ್ನುವುದರ ಮೇಲೆ ನಿಂತಿರುತ್ತದೆ. ಆಸ್ಪತ್ರೆಗೆ ಓಡುವ ದಿನ ಇದು ಗೊತ್ತಾಗುವುದಕ್ಕಿಂತ ಹುಟ್ಟುಹಬ್ಬದ ನೆಪದಲ್ಲಿ ಈಗಲೇ ಗೊತ್ತಾಗುವುದು ಒಳ್ಳೆಯದು.

ಮಳೆ, ಅಮಾವಾಸ್ಯೆ, ಸೋಮವಾರ

ಮೊದಲಿಗೆ ನನಗೆ ಅಮ್ಮನ ಉತ್ತರವೇ ಎಲ್ಲಕ್ಕಿಂತ ಅಸ್ಪಷ್ಟ ಅನ್ನಿಸಿತ್ತು. ಕೂತು ನೋಡಿದಾಗ ಮೂರರಲ್ಲಿ ಅದೊಂದೇ ನಿಖರವಾದದ್ದು ಅಂತ ತಿಳಿಯಿತು. ಎಂಜಿನಿಯರಿಂಗ್ ಓದಿದ್ದು ಪತ್ರಕರ್ತೆಯಾದ ಮೇಲೆ ಅಪರೂಪಕ್ಕೆ ಪ್ರಯೋಜನಕ್ಕೆ ಬಂತು. ಅಮ್ಮ ಕೊಟ್ಟದ್ದು ಒಂದಕ್ಕೊಂದು ಸಂಬಂಧವಿಲ್ಲದ ಮೂರು ಗಡಿಯಾರಗಳು.

ಮೊದಲನೆಯದು ಮಳೆ. ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷ ಅಂತ ನಾವು ಹೇಳುವ ಮಳೆ ನಕ್ಷತ್ರಗಳು ಸೂರ್ಯನ ಲೆಕ್ಕ. ಸೂರ್ಯ ಸಾಗುವ ಹಾದಿಯನ್ನು 27 ಭಾಗ ಮಾಡಿದರೆ ಒಂದೊಂದು ಭಾಗ ದಾಟಲು ಅವನಿಗೆ 13-14 ದಿನ ಬೇಕು. ಹಾಗಾಗಿ ಮಳೆ ನಕ್ಷತ್ರಗಳು ಪ್ರತಿವರ್ಷ ಹೆಚ್ಚುಕಡಿಮೆ ಅದೇ ಇಂಗ್ಲಿಷ್ ತಾರೀಕಿಗೆ ಬರುತ್ತವೆ. ಆಶ್ಲೇಷ ಅಂದರೆ ಸುಮಾರು ಆಗಸ್ಟ್ 3ರಿಂದ 16.

ಎರಡನೆಯದು ಚಂದ್ರ. ಭೀಮನ ಅಮಾವಾಸ್ಯೆ ಅಂದರೆ ಆಷಾಢದ ಅಮಾವಾಸ್ಯೆ. ಹನ್ನೆರಡು ಚಾಂದ್ರಮಾಸ ಸೇರಿದರೆ 354 ದಿನ, ಸೂರ್ಯನ ವರ್ಷಕ್ಕಿಂತ 11 ದಿನ ಕಡಿಮೆ. ಅದಕ್ಕೇ ನಮ್ಮ ಹಬ್ಬಗಳು ಕ್ಯಾಲೆಂಡರಿನಲ್ಲಿ ಹಿಂದೆ ಹಿಂದೆ ಸರಿಯುತ್ತವೆ, ಎರಡೂವರೆ ಮೂರು ವರ್ಷಕ್ಕೊಮ್ಮೆ ಅಧಿಕ ಮಾಸ ಬಂದು ಮತ್ತೆ ಮುಂದಕ್ಕೆ ತಳ್ಳುತ್ತದೆ. ಹೀಗಾಗಿ ಭೀಮನ ಅಮಾವಾಸ್ಯೆ ಎಲ್ಲ ವರ್ಷವೂ ಆಶ್ಲೇಷ ಮಳೆಯಲ್ಲಿ ಬರುವುದಿಲ್ಲ.

ಮೂರನೆಯದು ವಾರ. ಅದಕ್ಕೆ ಸೂರ್ಯನೂ ಬೇಡ, ಚಂದ್ರನೂ ಬೇಡ. ಏಳು ದಿನಕ್ಕೊಮ್ಮೆ ಸುಮ್ಮನೆ ತಿರುಗುತ್ತಿರುತ್ತದೆ.

ಮೂರೂ ಕೂಡಿ ಬರುವ ವರ್ಷ ಯಾವುದು? 1955ರಲ್ಲಿ ಆ ಅಮಾವಾಸ್ಯೆ ಬಿದ್ದದ್ದು ಜುಲೈ 19ಕ್ಕೆ, ಮಂಗಳವಾರ. 1957ರಲ್ಲಿ ಜುಲೈ 27ಕ್ಕೆ, ಶನಿವಾರ. ಎರಡೂ ಆಶ್ಲೇಷಕ್ಕೆ ಮುಂಚೆಯೇ. ಇನ್ನು 1956. ಆ ವರ್ಷ ಜೂನ್ 8ಕ್ಕೆ ದಕ್ಷಿಣ ಶಾಂತಸಾಗರದಲ್ಲಿ ಪೂರ್ಣ ಸೂರ್ಯಗ್ರಹಣವಾಗಿತ್ತು. ಸೂರ್ಯಗ್ರಹಣ ಆಗುವುದು ಅಮಾವಾಸ್ಯೆಗೆ ಮಾತ್ರ. ಅಲ್ಲಿಂದ ಎರಡು ಚಾಂದ್ರಮಾಸ, ಅಂದರೆ 59 ದಿನ ಮುಂದಕ್ಕೆ ಎಣಿಸಿ: ಆಗಸ್ಟ್ 6. ಅವತ್ತು ಸೋಮವಾರ. ಆಶ್ಲೇಷ ಮಳೆ. ನವೆಂಬರ್ 1ಕ್ಕೆ ರಾಜ್ಯ ಒಂದಾದ ವರ್ಷವೂ ಅದೇ.

ಅಕ್ಷರ ಬಾರದ ನನ್ನ ಅಜ್ಜಿ ಮಗಳ ಹುಟ್ಟಿದ ದಿನವನ್ನು ಒಂದು ದಿನವೂ ಆಚೀಚೆಯಾಗದ ಹಾಗೆ ನೆನಪಿಟ್ಟಿದ್ದಳು. ತಪ್ಪಾಗಿದ್ದು ಬರೆದುಕೊಂಡವರ ಲೆಕ್ಕ.

ಸಮಾಧಾನಕ್ಕೆ ಒಂದು ಮಾತು: ಈ ಗೊಂದಲ ದೊಡ್ಡವರನ್ನೂ ಬಿಟ್ಟಿಲ್ಲ. ನಾವು ಎಂಜಿನಿಯರ್‌ಗಳ ದಿನ ಅಂತ ಆಚರಿಸುವುದು ಸರ್ ಎಂ. ವಿಶ್ವೇಶ್ವರಯ್ಯನವರ ಜನ್ಮದಿನವಾದ ಸೆಪ್ಟೆಂಬರ್ 15ನ್ನು. ತಾರೀಕಿನಲ್ಲಿ ಗೊಂದಲವಿಲ್ಲ. ಆದರೆ ಹುಟ್ಟಿದ ವರ್ಷ ಕೆಲವು ಕಡೆ 1860, ಕೆಲವು ಕಡೆ 1861 ಅಂತ ಇದೆ. ಅವರ ನೂರರ ನೆನಪಿಗೆ ಅಂಚೆ ಚೀಟಿ ಬಂದದ್ದು 1960ರಲ್ಲಿ. 1860 ಅಂದುಕೊಂಡರೆ ಆಗ ನೂರು ತುಂಬಿತ್ತು, 1861 ಅಂದುಕೊಂಡರೆ ನೂರು ನಡೆಯುತ್ತಿತ್ತು. "ತುಂಬಿತು" ಮತ್ತು "ನಡೀತಾ ಇದೆ" ನಡುವಿನ ಈ ಒಂದು ವರ್ಷದ ಜಗಳ ನಿಮ್ಮ ಮನೆಯಲ್ಲೂ ಆಗಿಯೇ ಇರುತ್ತದೆ.

ಅರವತ್ತೇ ಯಾಕೆ?

1956 ಗಟ್ಟಿಯಾದ ಮೇಲೆ ಪಂಚಾಂಗದಲ್ಲಿ ಸಂವತ್ಸರದ ಹೆಸರು ನೋಡಿದೆ. ದುರ್ಮುಖಿ. ಪ್ರಭವದಿಂದ ಅಕ್ಷಯದವರೆಗೆ 60 ಸಂವತ್ಸರಗಳಿವೆ, ಮುಗಿದ ಮೇಲೆ ಮತ್ತೆ ಮೊದಲಿಂದ. ಹುಟ್ಟಿದ ಸಂವತ್ಸರ ಜೀವನದಲ್ಲಿ ಎರಡನೇ ಸಲ ಬರುವುದು 60 ವರ್ಷ ತುಂಬಿದಾಗ. ಷಷ್ಟ್ಯಬ್ದಿಯ ಮೂಲ ಇದೇ: ಒಂದು ಸುತ್ತು ಮುಗಿಯಿತು, ಇನ್ನು ಎರಡನೇ ಸುತ್ತು.

ಈ 60 ಆಕಾಶದಿಂದಲೇ ಬಂದದ್ದು. ಗುರುಗ್ರಹ ಸೂರ್ಯನನ್ನು ಸುತ್ತಲು ಸುಮಾರು 12 ವರ್ಷ, ಶನಿ ಸುಮಾರು 30 ವರ್ಷ ತೆಗೆದುಕೊಳ್ಳುತ್ತವೆ. 12ಕ್ಕೂ 30ಕ್ಕೂ ಲ.ಸಾ.ಅ. 60. ಗುರು ಐದು ಸುತ್ತು, ಶನಿ ಎರಡು ಸುತ್ತು ಮುಗಿಸಿ ಇಬ್ಬರೂ ಹೆಚ್ಚುಕಡಿಮೆ ಮೊದಲಿದ್ದಲ್ಲಿಗೆ ಬರುತ್ತಾರೆ. ಚೀನಾ, ಕೊರಿಯಾ, ಜಪಾನ್‌ಗಳ ಹಳೆಯ ಕಾಲಗಣನೆಯಲ್ಲೂ 60 ವರ್ಷದ ಚಕ್ರ ಇದೆ. ಕೊರಿಯಾದವರು ಅರವತ್ತನ್ನು ಹ್ವಾನ್‌ಗಪ್ ಅಂತ ಆಚರಿಸುತ್ತಾರೆ. ಜಪಾನಿನಲ್ಲಿ ಅದು ಕಾನ್ರೆಕಿ. ಅಲ್ಲಿ ಅರವತ್ತಾದವರಿಗೆ ಕೆಂಪು ಅಂಗಿ ತೊಡಿಸುವ ರೂಢಿ ಇದೆ, ಮತ್ತೆ ಮಗುವಾದರು ಅನ್ನುವ ಅರ್ಥದಲ್ಲಿ.

ನಮ್ಮಲ್ಲಿ 60ರ ನಂತರ 70ಕ್ಕೆ ಭೀಮರಥ ಶಾಂತಿ. ಆಮೇಲೆ ಸಹಸ್ರ ಚಂದ್ರ ದರ್ಶನ, ಅಂದರೆ ಸಾವಿರ ಹುಣ್ಣಿಮೆ ಕಂಡವರು. ಹುಣ್ಣಿಮೆಯಿಂದ ಹುಣ್ಣಿಮೆಗೆ 29.53 ದಿನ. ಸಾವಿರದಿಂದ ಗುಣಿಸಿದರೆ 29,530 ದಿನ, ಅಂದರೆ 80 ವರ್ಷ 10 ತಿಂಗಳು. ಅಧಿಕ ಮಾಸ ಬಿಟ್ಟು ವರ್ಷಕ್ಕೆ ಹನ್ನೆರಡೇ ಹುಣ್ಣಿಮೆ ಅಂತ ಎಣಿಸುವವರಿಗೆ ಅದು 83 ವರ್ಷ 4 ತಿಂಗಳಾಗುತ್ತದೆ. ಒಬ್ಬೊಬ್ಬರ ಮನೆಯಲ್ಲಿ ಒಂದೊಂದು ವಯಸ್ಸಿಗೆ ಮಾಡುವುದಕ್ಕೆ ಇದೂ ಒಂದು ಕಾರಣ. ಅಮ್ಮನ ಲೆಕ್ಕ ಹಾಕಿ ನೋಡಿದೆ. ಸಾವಿರನೇ ಹುಣ್ಣಿಮೆ 2037ರ ಮೇ ಕೊನೆಗೆ.

ಯಾರ ಅರವತ್ತು?

ಲೆಕ್ಕ ಇಲ್ಲಿಯವರೆಗೆ ಖುಷಿ ಕೊಡುತ್ತಿತ್ತು. ಇಲ್ಲಿಂದ ಮುಂದೆ ಸ್ವಲ್ಪ ಮುಜುಗರವಾಯಿತು.

1956ರ ದುರ್ಮುಖಿ ಮತ್ತೆ ಬಂದದ್ದು 2016ರಲ್ಲಿ. ಅಂದರೆ ಅಮ್ಮನಿಗೆ ಅರವತ್ತು ತುಂಬಿದ ವರ್ಷ. ಆ ಭೀಮನ ಅಮಾವಾಸ್ಯೆ ಆಗಸ್ಟ್ 2ಕ್ಕಿತ್ತು. ನಾನು ಎಲ್ಲಿದ್ದೆ? ಬೆಂಗಳೂರಿನ ಆಫೀಸಿನಲ್ಲಿ. ಫೋನ್ ಮಾಡಿದ್ದೆನಾ? ನೆನಪಿಲ್ಲ. ಆ ದಿನದ ಒಂದು ಫೋಟೋ ನಮ್ಮ ಯಾರ ಹತ್ತಿರವೂ ಇಲ್ಲ.

ಅಪ್ಪನ ಅರವತ್ತಕ್ಕೆ ಮಾತ್ರ ಒಂದು ಇಡೀ ಆಲ್ಬಂ ಇದೆ. 2008ರ ಡಿಸೆಂಬರ್, ಸರ್ವಧಾರಿ ಸಂವತ್ಸರ. ಅಂಗಳಕ್ಕೆ ಅಡಿಕೆ ಸೋಗೆಯ ಚಪ್ಪರ, ಮುನ್ನೂರು ಜನ, ಎರಡನೇ ಸಲ ಮಾಂಗಲ್ಯ. ಎಲ್ಲ ಫೋಟೋದಲ್ಲೂ ಅಮ್ಮ ಪಕ್ಕದಲ್ಲಿ ಕೂತಿದ್ದಾಳೆ. ಆಗ ಅವಳಿಗೆ 52. ನಾನು ನೋಡಿದ ಷಷ್ಟ್ಯಬ್ದಿಗಳೆಲ್ಲ ಹೀಗೇ. ವಯಸ್ಸು ಗಂಡನದ್ದು, ಹೆಂಡತಿಯದ್ದು ಪಕ್ಕದ ಮಣೆ. ಆ ಮಣೆಯ ಮೇಲೆ ಕೂರಲೂ ಗಂಡ ಇರಬೇಕು. ಅಪ್ಪ 2015ರ ಶುರುವಿನಲ್ಲಿ ತೀರಿಕೊಂಡರು. ಹಾಗಾಗಿ ಅಮ್ಮನ ಸ್ವಂತ ಅರವತ್ತು ಬರುವಷ್ಟರಲ್ಲಿ ಅದನ್ನು ಗುರುತಿಸುವ ಪದ್ಧತಿಯೇ ನಮ್ಮ ಮನೆಯಲ್ಲಿ ಇರಲಿಲ್ಲ.

ಇನ್ನೊಂದು ಸಂಗತಿ. ಭೀಮನ ಅಮಾವಾಸ್ಯೆ ಅಂದರೆ ಹೆಂಗಸರು ಗಂಡನ ಆಯುಷ್ಯಕ್ಕೆ ಪೂಜೆ ಮಾಡುವ ದಿನ. ಚಂದ್ರ ಮತ್ತು ಸೂರ್ಯನ ಲೆಕ್ಕ 19 ವರ್ಷಕ್ಕೊಮ್ಮೆ ಹೆಚ್ಚುಕಡಿಮೆ ಕೂಡುತ್ತದೆ. 19ರ ಮೂರು ಪಟ್ಟು 57. 1956ಕ್ಕೆ 57 ಸೇರಿಸಿದರೆ 2013. ಆ ವರ್ಷ ಭೀಮನ ಅಮಾವಾಸ್ಯೆ ಸರಿಯಾಗಿ ಆಗಸ್ಟ್ 6ಕ್ಕೇ ಬಂದಿತ್ತು. ತಿಥಿಯಿಂದ ನೋಡಿದರೂ ತಾರೀಕಿನಿಂದ ನೋಡಿದರೂ ಅಮ್ಮನ ಹುಟ್ಟುಹಬ್ಬ. ಅವತ್ತು ಅಮ್ಮ ಬೆಳಿಗ್ಗೆ ಎದ್ದು ಅಪ್ಪನ ಪಾದ ತೊಳೆದು ಪೂಜೆ ಮಾಡಿ, ಎಲ್ಲರಿಗೂ ಕಡುಬು ಮಾಡಿ ಬಡಿಸಿದ್ದಳು. ಅವಳ ಆಯುಷ್ಯಕ್ಕೆ ಅಂತ ಯಾರೂ ಏನೂ ಮಾಡಲಿಲ್ಲ. ಅಪ್ಪ ಹೋದ ಮೇಲೆ ಆ ದಿನ ಪೂಜೆಯೂ ಇಲ್ಲ.

ನಮ್ಮ ತಾಲ್ಲೂಕು ಹುಟ್ಟುಹಬ್ಬ ಮರೆಯುವ ಊರಲ್ಲ. ಡಿಸೆಂಬರ್ 29 ಅಂದರೆ ಕುವೆಂಪು ಅಂತ ತೀರ್ಥಹಳ್ಳಿಯ ಶಾಲೆ ಮಕ್ಕಳಿಗೂ ಗೊತ್ತು. ಮೇಳಿಗೆಯ ಅನಂತಮೂರ್ತಿಯವರದ್ದು ಡಿಸೆಂಬರ್ 21. ಆದರೆ ಅದೇ ಊರುಗಳ ನಮ್ಮ ತಾಯಂದಿರು ಹುಟ್ಟಿದ ದಿನ ನಮ್ಮ ಫೋನಿನ ರಿಮೈಂಡರ್‌ನಲ್ಲೂ ತಪ್ಪಾಗಿದೆ.

ಆ ಭಾನುವಾರ

ಈ ವರ್ಷ ಭೀಮನ ಅಮಾವಾಸ್ಯೆ ಜುಲೈ 24ಕ್ಕೆ, ಗುರುವಾರ. ಅವತ್ತಿಗೆ 69 ತುಂಬಿ 70 ಶುರು. ಎಪ್ಪತ್ತಕ್ಕೆ ಶಾಂತಿ ಏನಾದರೂ ಮಾಡಿಸಬಹುದಾ ಅಂತ ಅಕ್ಕ ವಿಚಾರಿಸಿದಳು. ದೊಡ್ಡತ್ತೆ ಫೋನಿನಲ್ಲೇ, "ಅವರಿಲ್ದೆ ಅದೆಲ್ಲ ಎಂತದು?" ಅಂದರು. ನಮ್ಮ ಮನೆಗೆ ಬರುವ ಭಟ್ಟರು ಮಾತ್ರ, "ಆಯುಷ್ಯ ಹೋಮ ಯಾರಿಗೆ ಬೇಕಾದರೂ ಮಾಡಬಹುದು, ಒಬ್ಬರಿಗೂ ಮಾಡಬಹುದು" ಅಂದರು. ಕೊನೆಗೆ ಬೇಡ ಅಂದದ್ದು ಅಮ್ಮನೇ. "ಈ ಮಳೇಲಿ ಹೊಗೆ ಹೊರಗೆ ಹೋಗಲ್ಲ ಮಾರಾಯ್ತಿ. ನನಗೆ ಮೊದಲೇ ಉಬ್ಬಸ. ಗುರುವಾರ ನಿನ್ನ ಅತ್ತಿಗೆಗೆ ಪೂಜೆ ಇರ್ತದೆ. ಎಲ್ಲ ಭಾನುವಾರ ಬನ್ನಿ."

27ನೇ ತಾರೀಕು ಭಾನುವಾರ ಸೇರಿದೆವು. ಪುಷ್ಯ ಮಳೆ ಬಿಡದೆ ಹೊಡೆಯುತ್ತಿತ್ತು. ಮಳೆ ಹೊಳವಾದರೆ ಕೊಳೆಗೆ ಔಷಧಿ ಹೊಡೆಸಬೇಕು ಅಂತ ಅಣ್ಣನ ಒಂದು ಕಣ್ಣು ತೋಟದ ಮೇಲೆಯೇ ಇತ್ತು. ಕರೆಂಟ್ ಇರಲಿಲ್ಲ. ಒಟ್ಟು ಹದಿನಾಲ್ಕು ಜನ.

ಉಡುಗೊರೆ ಏನು ಅನ್ನುವುದರ ಮೇಲೆ ನಾವು ಒಂದು ತಿಂಗಳು ಚರ್ಚೆ ಮಾಡಿದ್ದೆವು. ಇಷ್ಟು ವರ್ಷ ಅಮ್ಮನಿಗೆ ಕೊಟ್ಟದ್ದನ್ನು ಪಟ್ಟಿ ಮಾಡಿದಾಗ ನಗು ಬಂತು: ಮಿಕ್ಸಿ, ಗ್ರೈಂಡರ್, ಕುಕ್ಕರ್, ವಾಷಿಂಗ್ ಮೆಷಿನ್. ಎಲ್ಲವೂ ನಮಗೆ ಕೊಟ್ಟುಕೊಂಡದ್ದು, ಹೆಸರು ಮಾತ್ರ ಅಮ್ಮನದ್ದು. ಈ ಸಲ ನೇರವಾಗಿ ಅವಳನ್ನೇ ಕೇಳಿದೆವು. ಮೂರು ಸಲ "ಎಂತದೂ ಬೇಡ" ಅಂದಳು. ನಾಲ್ಕನೇ ಸಲ ಹೇಳಿದಳು: "ಮೊದಲನೇ ಪಂಕ್ತೀಲಿ ಬಿಸಿ ಬಿಸಿ ಊಟ ಮಾಡ್ಬೇಕು ಅಂತ ಇದೆ."

ಮಲೆನಾಡಿನ ಮನೆಗಳಲ್ಲಿ ಊಟ ಮಾಡಿದವರಿಗೆ ಇದರ ಅರ್ಥ ಗೊತ್ತು. ಮಾಡಿದವರು, ಬಡಿಸಿದವರು ಕೂರುವುದು ಕೊನೇ ಪಂಕ್ತಿಗೆ. ಅಷ್ಟರಲ್ಲಿ ಸಾರು ತಣ್ಣಗಾಗಿರುತ್ತದೆ, ಪಲ್ಯ ತಳ ಕಂಡಿರುತ್ತದೆ. ಮದುವೆಯಾಗಿ ಬಂದಾಗಿನಿಂದ ಅಮ್ಮ ಆ ಪಂಕ್ತಿಯವಳು.

ಅವತ್ತು ಅಡುಗೆ ಅಣ್ಣ, ಭಾವ ಮತ್ತು ನಾನು. ಪತ್ರೊಡೆ ಅತ್ತಿಗೆ ಹೇಳಿಕೊಟ್ಟ ಹಾಗೆ ಸುತ್ತಿದೆವು, ಅರ್ಧ ಬಿಚ್ಚಿಕೊಂಡಿತು. ಕಳಲೆ ಪಲ್ಯಕ್ಕೆ ಉಪ್ಪು ಜಾಸ್ತಿ. ಅಮ್ಮ ಜಗಲಿಯಲ್ಲಿ ಮೊದಲ ಎಲೆಗೆ ಕೂತಳು, ಪಕ್ಕದಲ್ಲಿ ದೊಡ್ಡತ್ತೆ. ಎರಡು ಸಲ ಒಳಗೆ ಎದ್ದು ಬರಲು ನೋಡಿದಳು, ಎರಡು ಸಲವೂ ಮೊಮ್ಮಗಳು ಸೆರಗು ಹಿಡಿದು ಕೂರಿಸಿದಳು.

ಊಟಕ್ಕೆ ಮುಂಚೆ ಅತ್ತಿಗೆ ಆರತಿ ತಟ್ಟೆ ತಂದಾಗ ಅಮ್ಮ ತಟ್ಟನೆ ಎದ್ದು ಬಾಗಿಲ ಪಕ್ಕಕ್ಕೆ ಸರಿದಳು. ಬೇಕು ಅಂತ ಮಾಡಿದ್ದಲ್ಲ. ಹತ್ತು ವರ್ಷದಿಂದ ಆರತಿಯ ಹೊತ್ತಿಗೆ ಹಿಂದೆ ಸರಿದು ಸರಿದು ಕಾಲಿಗೇ ಅಭ್ಯಾಸವಾಗಿತ್ತು. ಒಂದು ಕ್ಷಣ ಯಾರೂ ಮಾತಾಡಲಿಲ್ಲ. ಆಗ ದೊಡ್ಡತ್ತೆಯೇ, "ಎಲ್ಲಿಗೆ ಹೋಗ್ತೀಯೇ, ನಿಂಗೇ ತಂದಿದ್ದು ಅದು. ಬಾ, ಕೂತ್ಕೋ" ಅಂದರು.

ನಾನು ಕೊಟ್ಟದ್ದು ಒಂದು ಹಾಳೆ. ಹುಟ್ಟಿದ ದಿನ: ದುರ್ಮುಖಿ ಸಂವತ್ಸರ, ಆಷಾಢ ಅಮಾವಾಸ್ಯೆ, ಸೋಮವಾರ, ಆಶ್ಲೇಷ ಮಳೆ, 1956ರ ಆಗಸ್ಟ್ 6. ಕೆಳಗೆ ಹೇಗೆ ಕಂಡುಹಿಡಿದೆ ಅನ್ನುವ ಲೆಕ್ಕ, ಮತ್ತು "ಹೇಳಿದವರು: ಅಜ್ಜಿ". ಅಮ್ಮ ಕನ್ನಡಕ ಹಾಕಿಕೊಂಡು ಎರಡು ಸಲ ಓದಿದಳು. "ಹಂಗಾದ್ರೆ ಅಮ್ಮ ಹೇಳಿದ್ದೇ ಸರಿ" ಅಂದಳು. ಆ ಕ್ಷಣ ಅವಳು ಎಪ್ಪತ್ತರ ಅಮ್ಮನಾಗಿರಲಿಲ್ಲ, ಯಾರದ್ದೋ ಮಗಳಾಗಿದ್ದಳು. ಹಾಳೆ ಮಡಿಸಿ ಟ್ರಂಕಿನಲ್ಲಿ ಟಿ.ಸಿ. ಜೊತೆ ಇಟ್ಟಳು.

ನೀವು ಮಾಡುವುದಾದರೆ

ಮೊದಲು ಕೇಳಿ. ತಾರೀಕು ಕೇಳಬೇಡಿ, ಅದು ಅವರಿಗೆ ಗೊತ್ತಿರುವುದಿಲ್ಲ. ಯಾವ ಮಳೆ, ಯಾವ ಹಬ್ಬದ ಹತ್ತಿರ, ಯಾವ ವಾರ, ಮನೆಯಲ್ಲಿ ಆಗ ಏನು ನಡೀತಿತ್ತು, ಊರಲ್ಲಿ ಯಾರ ಮದುವೆ, ಯಾರ ಸಾವು ಅಂತ ಕೇಳಿ. ಎರಡು ಮೂರು ಸುಳಿವು ಸಿಕ್ಕರೆ ಹಳೆಯ ಪಂಚಾಂಗದಲ್ಲಿ ದಿನ ಸಿಗುತ್ತದೆ. ಅವರಿಗಿಂತ ಹಿರಿಯರು ಯಾರಾದರೂ ಬದುಕಿದ್ದರೆ ಈ ತಿಂಗಳೇ ಹೋಗಿ ಕೇಳಿ. ನಾನು ಅಜ್ಜಿ ಇದ್ದಾಗ ಕೇಳಲಿಲ್ಲ.

ಎರಡನೆಯದು, ಸಿಕ್ಕ ದಿನವನ್ನು ಸರ್ಕಾರಿ ಕಾಗದದಲ್ಲಿ ತಿದ್ದಿಸಲು ಹೊರಡುವ ಅಗತ್ಯವಿಲ್ಲ. ಕಾಗದಗಳು ಒಂದಕ್ಕೊಂದು ತಾಳೆಯಾಗುತ್ತವಾ ಅನ್ನುವುದನ್ನು ಮಾತ್ರ ನೋಡಿ. ಕಾಗದದ ದಿನ ಕೌಂಟರಿಗೆ ಇರಲಿ, ನಿಜವಾದ ದಿನ ಮನೆಗೆ.

ಮೂರನೆಯದು, ಅಪ್ಪನ ದಿನಕ್ಕೆ ಅಮ್ಮನನ್ನೂ ಸೇರಿಸಿ ಮುಗಿಸಬೇಡಿ. ಇಬ್ಬರೂ ಇದ್ದರೆ ಎರಡು ದಿನ ಮಾಡಿ. ಒಬ್ಬರೇ ಇದ್ದರೆ ಇನ್ನೂ ಮುಖ್ಯವಾಗಿ ಮಾಡಿ. ತಿಥಿ ಕೆಲಸದ ದಿನ ಬಂದರೆ ಭಾನುವಾರ ಮಾಡಿ, ಯಾವ ಚಂದ್ರನೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಬರುವ ವರ್ಷ ಅಮ್ಮನಿಗೆ ಎಪ್ಪತ್ತು ತುಂಬುತ್ತದೆ. ಮಧ್ಯೆ ಅಧಿಕ ಜ್ಯೇಷ್ಠ ಬರುವುದರಿಂದ ಭೀಮನ ಅಮಾವಾಸ್ಯೆ ಮುಂದಕ್ಕೆ ಹೋಗಿ 2026ರ ಆಗಸ್ಟ್ 12, ಬುಧವಾರ. ಮತ್ತೆ ಆಶ್ಲೇಷ ಮಳೆ. ಅವತ್ತು ಪೂರ್ಣ ಸೂರ್ಯಗ್ರಹಣವೂ ಇದೆ ಅಂತ ಫೋನಿನಲ್ಲಿ ಹೇಳಿದಾಗ ಅಮ್ಮನಿಗೆ ಚಿಂತೆಯಾಯಿತು.

"ಗ್ರಹಣ ಅಂದ್ರೆ ಊಟಕ್ಕೆ ಹೆಂಗೆ?"

ನಮ್ಮಲ್ಲಿ ಅದು ಶುರುವಾಗುವಾಗ ರಾತ್ರಿ ಒಂಬತ್ತು ದಾಟಿರುತ್ತದೆ, ಇಲ್ಲಿಗೆ ಕಾಣುವುದೇ ಇಲ್ಲ ಅಂದೆ.

"ಹಂಗಾದ್ರೆ ತೊಂದ್ರೆ ಇಲ್ಲ" ಅಂದಳು. ಸ್ವಲ್ಪ ಹೊತ್ತು ಬಿಟ್ಟು ಕೇಳಿದಳು, "ಮೊದಲನೇ ಪಂಕ್ತೀಲೇ ಅಲ್ದಾ?"